ಹದಿನೇಳನೆಯ ಉಲ್ಲೇಖ

ವಿಜೇತಾ ಒಪ್ಪಿಕೊಂಡದ್ದು ಉಲ್ಲೇಖಗಳ ಪಟ್ಟಿ ಸರಿಮಾಡುವ ಕೆಲಸ ಮಾತ್ರ. ಮೂಡುಬಿದಿರೆಯ ಕಾಲೇಜೊಂದರ ಗ್ರಂಥಾಲಯದಲ್ಲಿ ಸಹಾಯಕಿಯಾಗಿದ್ದ ಅವಳು ಬಿಡುವಿನ ವೇಳೆಯಲ್ಲಿ ವೈದ್ಯರ ಪ್ರಬಂಧಗಳಿಗೆ ಈ ಸೇವೆ ಮಾಡಿಕೊಡುತ್ತಿದ್ದಳು. ಲೇಖಕರ ಹೆಸರು, ಶೀರ್ಷಿಕೆ, ಪತ್ರಿಕೆ, ವರ್ಷ, ಸಂಪುಟ, ಪುಟ. ಎಲ್ಲಿ ಚುಕ್ಕೆ, ಎಲ್ಲಿ ಅರ್ಧವಿರಾಮ ಎಂಬುದರಲ್ಲಿ ಪ್ರತಿ ಪತ್ರಿಕೆಗೂ ಅದರದೇ ಹಟ.

ಈ ಸಲದ ಪ್ರಬಂಧ ಬಂಟ್ವಾಳದ ಡಾ. ಶಶಿಪ್ರಭಾ ಅವರದ್ದು. ಆರು ವರ್ಷಗಳಲ್ಲಿ ಅವರ ಆಸ್ಪತ್ರೆಗೆ ಹಾವು ಕಚ್ಚಿಸಿಕೊಂಡು ಬಂದ ತೊಂಬತ್ತನಾಲ್ಕು ಮಂದಿಯ ಅಧ್ಯಯನ. ಪತ್ರಿಕೆಯವರು ಒಮ್ಮೆ ಹಿಂದಕ್ಕೆ ಕಳಿಸಿದ್ದರು. ಮೊದಲು ನಾಟಿ ವೈದ್ಯರಲ್ಲಿಗೆ ಹೋದವರು ಉಳಿದವರಿಗಿಂತ ತಡವಾಗಿ ಬಂದಿಲ್ಲ ಎಂದು ಡಾಕ್ಟರರ ಕೋಷ್ಟಕದ ಒಂದು ಸಾಲು ಹೇಳುತ್ತಿತ್ತು. ಪರಿಶೀಲಕರ ಆಕ್ಷೇಪ ಅದಕ್ಕೇ: ಹದಿನೇಳನೆಯ ಉಲ್ಲೇಖಕ್ಕೆ ಇದು ವಿರುದ್ಧ, ವಿವರಿಸಿ, ಇಲ್ಲವೇ ತೆಗೆಯಿರಿ. ಗಡುವು ಶುಕ್ರವಾರ.

ಹದಿನೇಳನೆಯದು 1996ರ ಒಂದು ಪುಟ್ಟ ಲೇಖನ. ಹಾವು ಕಚ್ಚಿದ ಕೊಕ್ಕಡ ಕಡೆಯ ಅರುವತ್ತೆರಡು ಮಂದಿಯ ಕುರಿತದ್ದು. ಆಮೇಲೆ ಬಂದ ಹನ್ನೊಂದು ಪ್ರಬಂಧಗಳು ಅದನ್ನು ಹೆಸರಿಸಿ, ನಾಟಿ ವೈದ್ಯರಿಂದಲೇ ವಿಳಂಬ ಎಂದು ಬರೆದಿದ್ದವು. ಹನ್ನೊಂದರಲ್ಲೂ ಪುಟ ಸಂಖ್ಯೆ 212. ಆದರೆ ಆ ಸಂಪುಟಕ್ಕೆ ಇದ್ದದ್ದೇ ನೂರ ಎಂಬತ್ತು ಪುಟ ಎಂದು ಗ್ರಂಥಾಲಯಗಳ ಸೂಚಿ ಹೇಳುತ್ತಿತ್ತು.

ಇಲ್ಲದ ಪುಟವನ್ನು ಹನ್ನೊಂದು ಮಂದಿ ಹೇಗೆ ಓದಿದರು?

ವಿಜೇತಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಪರಿಚಯದ ಗ್ರಂಥಪಾಲಕರಿಗೆಲ್ಲ ಸಂದೇಶ ಹಾಕಿದಳು. ಬುಧವಾರ ಮಧ್ಯಾಹ್ನ ಮಂಗಳೂರಿನಿಂದ ಒಬ್ಬರು ಹಳೆಯ ಸಂಪುಟದ ಮೂರು ಪುಟಗಳ ಫೋಟೋ ಕಳಿಸಿದರು. ಲೇಖನ ಇದ್ದದ್ದು 122ರಲ್ಲಿ.

ಅದರಲ್ಲಿ ಎರಡು ಕೋಷ್ಟಕಗಳಿದ್ದವು. ಒಂದರಲ್ಲಿ, ಕಚ್ಚಿ ಮೂರು ಗಂಟೆ ಕಳೆದ ಮೇಲೆ ಆಸ್ಪತ್ರೆಗೆ ಬಂದವರು ಮೂವತ್ತೆರಡು. ಇನ್ನೊಂದರಲ್ಲಿ, ಮೊದಲು ಊರಿನ ನಾಟಿ ವೈದ್ಯ ಪಂಡಿತರ ಮನೆಗೆ ಹೋದವರು ಮೂವತ್ತೊಂದು. ಈ ಮೂವತ್ತೊಂದು ಮಂದಿಯೇ ಆ ಮೂವತ್ತೆರಡರೊಳಗಿನವರು ಎಂದು ಎಲ್ಲಿಯೂ ಬರೆದಿರಲಿಲ್ಲ. ನಂಟು ಹಾಕಿದ್ದು ಆಮೇಲಿನವರು.

ಅವಳು ಡಾಕ್ಟರರಿಗೆ ಫೋನು ಮಾಡಿದಳು.

"ನೀವು ಚುಕ್ಕೆ ಗೆರೆ ನೋಡಿದ್ರೆ ಸಾಕು ಅಂದಿದ್ದೆ, ಮಾರಾಯ್ರೆ," ಎಂದರು ಶಶಿಪ್ರಭಾ. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. "ನಾನು ಆ ಸಾಲನ್ನೇ ತೆಗೆಯುವ ಅಂತ ಇದ್ದೇನೆ."

"ಸಾಲು ಸರಿ ಉಂಟಲ್ಲ ಮೇಡಂ?"

"ಸರಿ ಉಂಟು. ಮೂರು ಸಲ ಲೆಕ್ಕ ಮಾಡಿದ್ದೇನೆ. ಆದ್ರೆ ನಂಟು ಬರೆದಿಲ್ಲ ಅಂದ್ರೆ ನಂಟು ಇಲ್ಲ ಅಂತ ಆಗುದಿಲ್ಲ. ಅರ್ಧಕ್ಕರ್ಧ ಜನ ಪಂಡಿತರಲ್ಲಿಗೆ ಯಾಕೆ ಓಡಿದ್ರು, ಅಲ್ಲಿ ಎಷ್ಟು ಹೊತ್ತು ಕೂತ್ರು? ಅದನ್ನು ಯಾರು ಹೇಳ್ತಾರೆ? ಬರೆದವರು ತೀರಿಹೋಗಿ ಹತ್ತು ವರ್ಷ ಆಯ್ತು."

ಲೇಖನದ ಕೊನೆಯಲ್ಲಿ ಸಣ್ಣಕ್ಷರದ ಒಂದು ಕೃತಜ್ಞತೆ ಇತ್ತು: ಮನೆಮನೆಗೆ ಹೋಗಿ ಮಾಹಿತಿ ಕಲೆಹಾಕಿದ ಆರೋಗ್ಯ ಸಹಾಯಕ ಹುಕ್ರಪ್ಪ, ಕೊಕ್ಕಡ.

ಗುರುವಾರ ಅವಳು ರಜೆ ಹಾಕಿ, ಬೆಳ್ತಂಗಡಿಯಲ್ಲಿಯೂ ಧರ್ಮಸ್ಥಳದಲ್ಲಿಯೂ ಬಸ್ಸು ಬದಲಿಸಿ ಕೊಕ್ಕಡದಲ್ಲಿಳಿದಳು. ಹುಕ್ರಪ್ಪನವರ ಮನೆ ತೋರಿಸಲು ಮೊದಲನೆಯ ಅಂಗಡಿಯವನೇ ಸಾಕಾದ. ಎಪ್ಪತ್ತು ದಾಟಿದ ಅವರು ಅಂಗಳದಲ್ಲಿ ರಬ್ಬರ್ ಶೀಟು ಒಣಹಾಕುತ್ತಿದ್ದರು. ಕೈ ತೊಳೆದು ಬಂದು, ಮೊಬೈಲಿನ ಫೋಟೋವನ್ನು ದೂರ ಹಿಡಿದು ನೋಡಿದರು.

"ಪಂಡಿತರ ಮನೆ, ಮೂವತ್ತೊಂದು. ಹೌದು, ನಾನೇ ಬರ್ಕೊಟ್ಟದ್ದು," ಎಂದರು. "ಇದರಲ್ಲಿ ಏನು ತಪ್ಪುಂಟು?"

"ತಪ್ಪಿಲ್ಲ. ಆಮೇಲೆ ಹನ್ನೊಂದು ಮಂದಿ ಇದನ್ನು ತೆರೆದು ನೋಡದೆಯೇ ಪಂಡಿತರಿಂದ ತಡ ಅಂತ ಬರೆದಿದ್ದಾರೆ. ಮದ್ದಿಗೆ ಅಂತ ಹೋಗಿ ತಡ ಆದದ್ದಾ ಅಂತ ಗೊತ್ತಾಗ್ಬೇಕಿತ್ತು."

ಹುಕ್ರಪ್ಪನವರು ಅವಳ ಮುಖವನ್ನೇ ನೋಡಿದರು. "ಮದ್ದಿಗಾ? ಜೀಪಿಗೆ ಅಲ್ವಾ!"

ಆಗ ಆ ಸುತ್ತಿನಲ್ಲಿ ಇದ್ದದ್ದು ಒಂದೇ ಜೀಪು. ಅದು ಪಂಡಿತರ ಮನೆಯದ್ದು, ಓಡಿಸುತ್ತಿದ್ದವ ಹಾಜಬ್ಬ. ಕಚ್ಚಿಸಿಕೊಂಡವನನ್ನು ಕುರ್ಚಿಯಲ್ಲಿ ಹೊತ್ತು ಅಲ್ಲಿಗೆ ತಂದರೆ, ಪಂಡಿತರು ಗಾಯ ನೋಡಿ, ಹಾಜಬ್ಬನನ್ನು ಕೂಗಿ, ನೇರ ಆಸ್ಪತ್ರೆಗೆ ಅಟ್ಟುತ್ತಿದ್ದರು. ತಡವಾದದ್ದು ಬಸ್ಸಿಗೆ ಕಾದು ನಿಂತವರಿಗೆ.

"ಮೊದಲು ಎಲ್ಲಿಗೆ ಹೋದದ್ದು ಅಂತ ಫಾರಮಿನಲ್ಲಿ ಕೇಳಿತ್ತು, ನಾನು ಬರೆದೆ. ಯಾಕೆ ಹೋದದ್ದು ಅಂತ ಕೇಳಿರ್ಲಿಲ್ಲ."

"ನೀವಾದ್ರೂ ಹೇಳ್ಬಹುದಿತ್ತಲ್ಲ?"

"ಜೀಪು ಯಾರ ಮನೆಯಲ್ಲಿ ಉಂಟು ಅಂತ ಇಡೀ ಊರಿಗೆ ಗೊತ್ತಿತ್ತು. ಅದನ್ನೂ ಬರೀಬೇಕು ಅಂತ ಯಾರಿಗೆ ಹೊಳೀತದೆ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೇಸಮ್ಮ ನಕ್ಕರು. "ಇವರು ಹಾಗೇ ಮಗಾ. ಕೇಳಿದ್ದಕ್ಕೆ ಮಾತ್ರ ಉತ್ತರ. ಮದುವೆಯ ಮುಂಚೆ ನನಗೂ ಹೀಗೇ ಮೋಸ ಆದದ್ದು."

ವಿಜೇತಾ ನಗುತ್ತಲೇ ಚೀಲದಿಂದ ಹಾಳೆ ತೆಗೆದಳು. ಬಾಯಿಮಾತಿನ ಮಾಹಿತಿ ಬಳಸಬೇಕಾದರೆ ಹೇಳಿದವರ ಲಿಖಿತ ಒಪ್ಪಿಗೆ ಬೇಕೆಂಬುದು ಪತ್ರಿಕೆಯ ನಿಯಮ. ಪ್ರಬಂಧಕ್ಕೆ ಸೇರುವ ವಾಕ್ಯವನ್ನು ಅಲ್ಲೇ ಇಂಗ್ಲಿಷಿನಲ್ಲಿ ಬರೆದು, ಸಹಿಗೆ ಜಾಗ ಬಿಟ್ಟು ಮುಂದೆ ಹಿಡಿದಳು. ಹುಕ್ರಪ್ಪನವರು ಪೆನ್ನು ತೆಗೆದುಕೊಳ್ಳಲಿಲ್ಲ.

"ಮೊದಲು ಇದರಲ್ಲಿ ಏನುಂಟು ಅಂತ ಹೇಳಿ."

ಅವಳು ತುಳುವಿನಲ್ಲಿ ವಿವರಿಸಿದಳು: ಪಂಡಿತರ ಮನೆಗೆ ಹೋದವರನ್ನೆಲ್ಲ ಅವರ ಜೀಪಿನಲ್ಲೇ ಆಸ್ಪತ್ರೆಗೆ ಕಳಿಸಲಾಗಿತ್ತು.

"ಎಲ್ಲರನ್ನೂ ಅಲ್ಲ. ಎರಡು ಸಲ ಜೀಪು ಪುತ್ತೂರಿಗೆ ಹೋಗಿತ್ತು. ಆಗ ಬಂದ ಇಬ್ಬರು ಬಸ್ಸಿಗೇ ಹೋದದ್ದು. ಒಬ್ಬ ಬದುಕ್ಲಿಲ್ಲ."

ವಿಜೇತಾ ಬರೆದದ್ದನ್ನು ಹೊಡೆದುಹಾಕಿದಳು. ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಎಂದು ತಿದ್ದಿದಳು.

"ನಂಬ್ರ ನಿಮಗೆ ಬಾಯಿಪಾಠವಾ?"

"ಅರುವತ್ತೆರಡು ಮನೆಗೂ ನಡ್ಕೊಂಡೇ ಹೋದದ್ದಲ್ವಾ." ಅವರು ತಿದ್ದಿದ ಅಂಕಿಯ ಪಕ್ಕ ಒಂದು, ಕೆಳಗೆ ಒಂದು ಸಹಿ ಹಾಕಿದರು. "ನಾನು ಆ ಪಟ್ಟಿಯಲ್ಲಿ ಎಷ್ಟನೆಯವ?"

"ಪಟ್ಟಿಯಲ್ಲಿ ನೀವು ಬರುದಿಲ್ಲ. ಅಲ್ಲಿ ಅಚ್ಚಾದದ್ದಕ್ಕೆ ಮಾತ್ರ ಜಾಗ. ನಿಮ್ಮ ಹೆಸರು ವಾಕ್ಯದ ಒಳಗೇ ಬರ್ತದೆ, ಇವತ್ತಿನ ತಾರೀಕಿನ ಜೊತೆ."

"ಅಚ್ಚಾದದ್ದನ್ನು ಯಾರೂ ನೋಡ್ಲೇ ಇಲ್ಲ ಅಂತೀರಿ," ಎಂದರು ಹುಕ್ರಪ್ಪ. "ವಾಕ್ಯದ ಒಳಗಾದ್ರೆ ಓದಿಯಾರು."

ಧರ್ಮಸ್ಥಳದ ಬಸ್ಸಿಗೆ ಕಾಯುತ್ತಿದ್ದಾಗಲೇ ಅವಳು ಹಾಳೆಯ ಫೋಟೋ ಕಳಿಸಿದಳು. ಶಶಿಪ್ರಭಾ ಎರಡು ನಿಮಿಷದಲ್ಲಿ ಫೋನು ಮಾಡಿದರು.

"ಜೀಪು," ಎಂದರು. "ಇಷ್ಟು ವರ್ಷ ನಾನೂ ಆ ಪಂಡಿತರನ್ನು ಬೈದು ಭಾಷಣ ಮಾಡಿದ್ದೇನೆ."

"ಸಾಲು ಇಡ್ತೀರಾ ಮೇಡಂ?"

"ಇಡ್ತೇನೆ. ಹನ್ನೊಂದು ಮಂದಿ ಮೂಲವನ್ನು ನೋಡಿಲ್ಲ ಅಂತಲೂ ಬರೀತೇನೆ. ಪರಿಶೀಲಕ ಆ ಹನ್ನೊಂದರಲ್ಲಿ ಒಬ್ಬ ಆಗಿದ್ರೆ ನಮ್ಮ ಕಥೆ ಮುಗೀತು."

"ಮುಗಿದ್ರೆ?"

"ಬೇರೆ ಪತ್ರಿಕೆ. ಅದರ ಶೈಲಿಯೇ ಬೇರೆ ಇರ್ತದೆ. ನಲವತ್ತಮೂರು ಉಲ್ಲೇಖವನ್ನೂ ನೀವು ಮೊದಲಿಂದ ಸರಿಮಾಡ್ಬೇಕು."

"ಮಾಡುವ," ಎಂದಳು ವಿಜೇತಾ. ಬಸ್ಸು ಇನ್ನೂ ಬಂದಿರಲಿಲ್ಲ. ಉಳಿದ ನಲವತ್ತೆರಡರಲ್ಲಿ ತಾನು ಮೂಲ ತೆರೆದು ನೋಡದವು ಯಾವುವು ಎಂದು ಅವಳು ಪಟ್ಟಿಯನ್ನು ಮೇಲಿನಿಂದ ಓದತೊಡಗಿದಳು.