ಗೋಡೆಯ ಎದೆಬಡಿತ

ಗೋಡೆಯ ಎದೆ ಬಡಿಯುತ್ತಿತ್ತು, ನಿಮಿಷಕ್ಕೆ ಎಪ್ಪತ್ತೆರಡು. ಬೆಳಗಿನಿಂದ ಅದರ ಜೊತೆ ಗುದ್ದಾಡಿ ನನ್ನ ತಲೆ ಕೆಟ್ಟಿತ್ತು.

ನನ್ನ ಕೆಲಸ ಇಷ್ಟೇ: ಮೈ ಮುಟ್ಟದೆ, ಮಾಮೂಲಿ ಕ್ಯಾಮೆರಾದಲ್ಲಿ ಮುಖ ನೋಡಿ ಎದೆಬಡಿತ ಎಣಿಸುವುದು. ರಕ್ತ ನುಗ್ಗಿದಾಗಲೆಲ್ಲ ಕೆನ್ನೆಯ ಬಣ್ಣ ಒಂದು ಕೂದಲೆಳೆಯಷ್ಟು ಬದಲಾಗುತ್ತದೆ. ನಮಗೆ ಕಾಣದ್ದು ಕ್ಯಾಮೆರಾಕ್ಕೆ ಕಾಣುತ್ತದೆ. ಆದರೆ ಹಾಳಾದ ಟ್ಯೂಬ್‌ಲೈಟ್ ಮಿಣುಕಿದರೆ ಗೋಡೆಗೂ ಜೀವ ಬಂದುಬಿಡುತ್ತದೆ. ಅದಕ್ಕೇ ಮೊದಲು ಗೋಡೆ, ಆಮೇಲೆ ಮುಖ ಎಂಬುದು ನಮ್ಮ ಲ್ಯಾಬಿನ ರೂಢಿ.

ಅವತ್ತಿನ ಮುಖ ಅಕ್ಕನದು. ಭಾವನ ಹೊಡೆತ ತಾಳಲಾರದೆ ನನ್ನ ಮನೆ ಸೇರಿದ್ದವಳನ್ನು ಲ್ಯಾಬಿಗೆ ಕರೆತಂದಿದ್ದೆ; ಇದ್ದದ್ದು ನಾವಿಬ್ಬರೇ. "ನನ್ ಕೆನ್ನೇಲಿ ನೀಲಿ ಬಿಟ್ರೆ ಇನ್ನೇನ್ ಕಾಣುತ್ತೇ ಅದಕ್ಕೆ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಭಾವ ಬಾಗಿಲು ಒದ್ದು ನುಗ್ಗಿದ. ಕಬ್ಬಿಣದ ಸ್ಟ್ಯಾಂಡ್ ಎಳೆದುಕೊಂಡ ರಭಸಕ್ಕೆ ಕ್ಯಾಮೆರಾ ಕೆಳಗೆ ಬಿತ್ತು. ಸ್ಟ್ಯಾಂಡಿನಿಂದ ಅಕ್ಕನ ತಲೆಗೆ ಬಾರಿಸಿದ. ಅವಳು ಕುಸಿದಳು. ಅಡ್ಡ ಬಂದ ನನ್ನನ್ನು ಮೇಜಿಗೆ ಅಪ್ಪಳಿಸಿದ. ಹಲ್ಲೊಂದು ನಾಲಿಗೆಯ ಮೇಲೆ ಬಂತು.

ಬಿದ್ದ ಕ್ಯಾಮೆರಾ ಅಕ್ಕನ ಮುಖ ನೋಡುತ್ತಿತ್ತು. ಅದರ ಪರದೆಯ ಮೇಲೆ ಐವತ್ತೆಂಟು. ಗೋಡೆಯದಲ್ಲ, ಅವಳದೇ. ನನಗೆ ಹೋದ ಜೀವ ಬಂತು. ಆದರೆ ಭಾವನೂ ಅದನ್ನು ನೋಡಿದ.

"ಇನ್ನೂ ಬಡ್ಕೋತಿದೆಯಾ," ಎಂದು ಸ್ಟ್ಯಾಂಡ್ ಎತ್ತಿದ.

"ಅದು ಅಕ್ಕಂದಲ್ಲ ಭಾವ, ಲೈಟಿಂದು. ಗೋಡೆಗೂ ಬರುತ್ತೆ, ನೋಡಿ." ಕ್ಯಾಮೆರಾವನ್ನು ಗೋಡೆಗೆ ತಿರುಗಿಸಿದೆ. ಎಪ್ಪತ್ತೆರಡು.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಗೋಡೆಗೂ ಹಾರ್ಟಾ? ಇದಕ್ಕೆ ನಿಂಗೆ ಸಂಬಳ ಬೇರೆ." ಸ್ಟ್ಯಾಂಡನ್ನು ಮೇಜಿಗೆ ಒರಗಿಸಿ ಅಂಗೈಯ ಬೆವರು ಒರೆಸಿಕೊಂಡ.

ಅದನ್ನು ನಾನು ಎತ್ತಿಕೊಂಡೆ. ಮೊದಲನೆಯ ಏಟು ಮೊಣಕಾಲಿಗೆ, ಎರಡನೆಯದು ತಲೆಗೆ. ಮೂರನೆಯದು ಬೇಕಿರಲಿಲ್ಲ. ಮನಸಾರೆ ಕೊಟ್ಟೆ.

ಅಕ್ಕನ ತಲೆಗೆ ದುಪಟ್ಟಾ ಒತ್ತಿ ಹಿಡಿದು ಆಂಬುಲೆನ್ಸಿಗೆ ಫೋನ್ ಮಾಡಿದೆ.

"ಎಷ್ಟು ಜನಕ್ಕೆ ಪೆಟ್ಟಾಗಿದೆ ಮೇಡಂ?" ಎಂದು ಆ ಕಡೆಯ ಹೆಂಗಸು ಕೇಳಿದಳು.

ಕ್ಯಾಮೆರಾವನ್ನು ಭಾವನ ಮುಖಕ್ಕೆ ಹಿಡಿದೆ. ನಲವತ್ತಾರು. ಗೋಡೆಯದಲ್ಲ.

"ಒಬ್ರಿಗೆ," ಎಂದೆ.