ಟೊಳ್ಳಿಲ್ಲದ ಗೋಡೆ

ಕದಿರಪ್ಪ ಮೇಸ್ತ್ರಿ ಕಟ್ಟಿದ ಗೋಡೆಯನ್ನು ಎಲ್ಲಿ ತಟ್ಟಿದರೂ ಟೊಳ್ಳು ಸದ್ದು ಬರುವುದಿಲ್ಲ ಎಂದು ಹೆಸರಿತ್ತು. ಅಂಥವನು ಈ ವಯಸ್ಸಿನಲ್ಲಿ, ಮನೆ ತಂಪಾಗಿರುವಂತೆ ಕಟ್ಟುವುದನ್ನು ಕಲಿಯಲು ಅಲ್ಲಾಳಸಂದ್ರದ ತರಬೇತಿಗೆ ಬಂದಿದ್ದ. ಇಲ್ಲಿ ನೋಡಿದರೆ, ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಡಬೇಕಂತೆ! ಯಾರೂ ನೋಡದಾಗ ಅವನು ತನ್ನ ಪಾಲಿನ ಗೋಡೆಯ ಟೊಳ್ಳಿಗೆಲ್ಲ ಗಾರೆ ತುಂಬಿಬಿಟ್ಟ.

ತಿಂಗಳು ಕಳೆದು ಗೋಡೆಗಳು ಒಣಗಿದ ಮೇಲೆ, ಒಂದು ಉರಿಬಿಸಿಲ ಮಧ್ಯಾಹ್ನ, ಕಲಿಸುತ್ತಿದ್ದ ಯಶೋಧಾ ಮೇಡಂ ಎಲ್ಲರಿಂದಲೂ ಅವುಗಳ ಒಳಮೈ ಮುಟ್ಟಿಸಿದರು. ಉಳಿದವು ತಣ್ಣಗಿದ್ದವು. ಕದಿರಪ್ಪನದು ಕಾದ ಹೆಂಚಾಗಿತ್ತು.

“ಟೊಳ್ಳೊಳಗಿರೋ ಗಾಳೀನೇ ಬಿಸಿಲು ತಡೆಯೋದು, ಮೇಸ್ತ್ರಿ. ನೀವು ಅದನ್ನೇ ಮುಚ್ಚಿಬಿಟ್ಟಿದ್ದೀರ,” ಎಂದರು ಮೇಡಂ, ಮೆಲ್ಲಗೆ.

ಕದಿರಪ್ಪ ಗೋಡೆಯಿಂದ ಕೈ ತೆಗೆಯಲಿಲ್ಲ. ಕೆಂಪಾಪುರದ ತನ್ನ ಮನೆಯ ಪಡುವಣ ಕೋಣೆಯನ್ನೂ ಅವನೇ ಕಟ್ಟಿದ್ದ, ಒಂದು ಚೂರೂ ಟೊಳ್ಳಿಲ್ಲದಂತೆ. ಹೆಂಡತಿ ಮುನಿಕೃಷ್ಣಮ್ಮ ಜ್ವರದಲ್ಲಿ ತನ್ನ ಕೊನೆಯ ಬೇಸಿಗೆಯನ್ನು ಕಳೆದದ್ದು ಅಲ್ಲೇ.

“ಗೋಡೆ ಸುಡ್ತೈತೆ, ನನ್ನನ್ನ ಪಡಸಾಲೇಲಿ ಮಲಗ್ಸಿ,” ಎಂದು ದಿನವೂ ಬೇಡಿದ್ದಳು.

ದಿನವೂ ಅವನದು ಒಂದೇ ಉತ್ತರ: “ಸುಡ್ತಿರೋದು ನಿನ್ ಮೈ ಕಣೇ, ನನ್ ಗೋಡೆ ಅಲ್ಲ.”