ಒಂದೇ ಕೈಯ ಲಾರಿ

ದಾವಣಗೆರೆಯಲ್ಲಿ ಆ ಕಾಲಕ್ಕೆ ಹಳೇ ಲಾರಿ ಕೊಳ್ಳಲು ಬಂದವರು ಎಂಜಿನ್ನಿನ ಮುಚ್ಚಳ ಎತ್ತಿಸುವ ಮೊದಲೇ ಒಂದು ಮಾತು ಕೇಳುತ್ತಿದ್ದರು: "ಎಷ್ಟು ಕೈ ಆಗೈತ್ರಿ?" ಎಷ್ಟು ಜನ ಡ್ರೈವರುಗಳು ಓಡಿಸಿದ್ದಾರೆ ಎಂದು ಅದರ ಅರ್ಥ. ಐದಾರು ಕೈ ಎಂದರೆ ಮೂಗು ಮುರಿಯುತ್ತಿದ್ದರು. ಎರಡೋ ಮೂರೋ ಆಗಿದ್ದರೆ ಕೂತು ಮಾತಾಡುತ್ತಿದ್ದರು. ಒಂದೇ ಕೈ ಎಂದುಬಿಟ್ಟರೆ ತಾವೇ ಚಹಾ ತರಿಸುತ್ತಿದ್ದರು.

ವಾಮದೇವಪ್ಪನವರ ಲಾರಿ ಒಂದೇ ಕೈಯದು. ಯುದ್ಧ ಮುಗಿದ ಮರುವರ್ಷ ಬೆಂಗಳೂರಿನಲ್ಲಿ ಮಿಲಿಟರಿಯವರು ಹರಾಜಿಗೆ ಹಾಕಿದ ಅಮೇರಿಕದ ಲಾರಿಗಳಲ್ಲಿ ಅದೂ ಒಂದು. ಅಂದು ಅದನ್ನು ಊರಿಗೆ ಓಡಿಸಿಕೊಂಡು ಬಂದ ಮಾಯಕೊಂಡದ ಮಾಳಿಂಗಪ್ಪನೇ ಹದಿನೈದು ವರ್ಷ ಅದರ ಸೀಟಿನಿಂದ ಇಳಿದಿರಲಿಲ್ಲ. ವಾಮದೇವಪ್ಪನವರ ಜಿನ್ನಿಂಗ್ ಫ್ಯಾಕ್ಟರಿಯಿಂದ ಹತ್ತಿ ಅಂಡಿಗೆ ಹೇರಿಕೊಂಡು ಮಿಲ್ಲಿಗೆ, ಹರಿಹರದ ಸ್ಟೇಷನ್ನಿಗೆ, ಹೊಳೆ ದಾಟಿ ರಾಣೆಬೆನ್ನೂರಿಗೆ. ಹೊಳೆಯಾಚೆ ಮುಂಬಯಿ ಸರ್ಕಾರ ಇದ್ದಾಗಲೂ ಆ ಸೇತುವೆ ದಾಟಿದ್ದ, ಎರಡೂ ದಡ ಒಂದೇ ರಾಜ್ಯವಾದ ಮೇಲೂ ದಾಟಿದ್ದ. ಅಷ್ಟರಲ್ಲಿ ಲಾರಿಯ ಪಿಸ್ಟನ್ನು ಬದಲಾಯಿತು, ರೇಡಿಯೇಟರು ಬದಲಾಯಿತು, ಮರದ ತೊಟ್ಟಿ ಎರಡು ಸಲ ಬದಲಾಯಿತು. ಬದಲಾಗದೆ ಉಳಿದದ್ದು ಡ್ರೈವರು ಮತ್ತು ಗೇರಿನ ಪೆಟ್ಟಿಗೆ.

ಮಾಳಿಂಗಪ್ಪನ ಹೆಂಡತಿ ರಂಗವ್ವ ಸತ್ತು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಫ್ಯಾಕ್ಟರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಲಾರಿ ಒಂದು ಕಡೆ, ಅವನ ಚಾಪೆ ಇನ್ನೊಂದು ಕಡೆ. ಮಾಳಿಂಗಪ್ಪ ಗಾಡಿಯ ಜೊತೆ ಮಾತಾಡುತ್ತಾನೆ ಎಂದು ಹಮಾಲರು ನಗುತ್ತಿದ್ದರು. ಅದು ಸುಳ್ಳು. ಅವನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಗಾಡಿಯ ಊನವನ್ನು ಒಮ್ಮೆ ಮಾತ್ರ ಬಾಯಿ ಬಿಟ್ಟು ಹೇಳಿದ್ದ. ಅದಾಗಿ ಏಳು ವರ್ಷವಾಗಿತ್ತು. ಪಿ.ಜೆ. ಬಡಾವಣೆಯ ಮನೆಯ ಜಗಲಿಯಲ್ಲಿ ವಾಮದೇವಪ್ಪ ಕೂತಿದ್ದರು. ಇವನು ಅಂಗಳದಲ್ಲಿ ನಿಂತು ಹೇಳಿದ: "ಸಾವ್ಕಾರ್ರೆ, ಭಾರ ಬಿದ್ದಾಗ ಎರಡನೇ ಗೇರು ಜಾರಿ ಹೊರಗ ಬರ್ತೈತ್ರಿ. ಪೆಟ್ಟಿಗೆ ಬಿಚ್ಚಿಸ್ಬೇಕು."

"ಗೇರು ಜಾರ್ತೈತೋ, ನಿನ್ನ ಕೈ ಜಾರ್ತೈತೋ?" ಎಂದರು ಅವರು. "ಬಿಚ್ಚಿಸಾಕ ಹದಿನೈದು ದಿನ ಗಾಡಿ ನಿಲ್ಲಿಸ್ಲಾ? ನಿನಗ ಆಗವಲ್ದು ಅಂದ್ರ ಹೇಳು ಮಾರಾಯ, ಬೇರೆ ಕೈ ನೋಡ್ತೀನಿ."

ಮರುದಿನದಿಂದ ಮಾಳಿಂಗಪ್ಪ ಎರಡನೇ ಗೇರು ಹಾಕಿದ ಕೂಡಲೇ ಎಡಗಾಲಿನ ಮೊಣಕಾಲನ್ನು ಗೇರಿನ ದಂಡಕ್ಕೆ ಒತ್ತಿ ಹಿಡಿಯತೊಡಗಿದ. ಏರು ಮುಗಿಯುವ ತನಕ ಒತ್ತಿ ಹಿಡಿಯುವುದು. ಆ ಮೇಲೆ ಹ್ಯಾಂಡ್‌ಬ್ರೇಕಿನ ಹಲ್ಲು ಸವೆದು ಹೋಯಿತು. ಬಲಗಾಲಿನ ಹಿಮ್ಮಡಿಯಿಂದ ಬ್ರೇಕನ್ನೂ ಬೆರಳುಗಳಿಂದ ಆಕ್ಸಿಲರೇಟರನ್ನೂ ಒಟ್ಟಿಗೆ ತುಳಿಯುವುದನ್ನು ಕಲಿತ. ಕಾಲಬ್ರೇಕೂ ಸಡಿಲಾಯಿತು, ನಿಲ್ಲಬೇಕಾದ ಜಾಗಕ್ಕೆ ಇಪ್ಪತ್ತು ಮಾರು ಮೊದಲೇ ಮೂರು ಸಲ ತುಳಿದು ಇಟ್ಟುಕೊಳ್ಳುವುದನ್ನು ಕಲಿತ. ಮೊಣಕಾಲಿನ ಒಳಬದಿಯ ಚರ್ಮ ಎತ್ತಿನ ಹೆಗಲಿನ ಹಾಗೆ ದಡ್ಡುಗಟ್ಟಿತು. ನಡೆಯುವಾಗ ಕಾಲು ಎಳೆಯುತ್ತಿದ್ದ. "ವಾತ," ಎನ್ನುತ್ತಿದ್ದ ಕೇಳಿದವರಿಗೆ. ಪೆಟ್ರೋಲ್ ಬಂಕಿನಲ್ಲಿ ಬೇರೆ ಡ್ರೈವರುಗಳು "ಮಾಳಿಂಗಪ್ಪನ ಗಾಡಿಗೆ ಊನಾನೇ ಇಲ್ಲ ಬಿಡಪ್ಪಾ" ಎಂದಾಗ ಅವನಿಗೆ ಒಳಗೊಳಗೇ ಹಿಗ್ಗು. ಇದನ್ನು ನಿಷ್ಠೆ ಎನ್ನುವವರು ಎನ್ನಲಿ. ಧಣಿ ಮಾಡಿಸಬೇಕಾದ ರಿಪೇರಿಯನ್ನು ಆಳು ತನ್ನ ಮೂಳೆಯಿಂದ ಮಾಡಿಕೊಡುವುದಕ್ಕೆ ಧಣಿಗಳು ಇಟ್ಟ ಹೆಸರು ಅದು.

ಅರವತ್ತೊಂದರ ಬೇಸಿಗೆಯಲ್ಲಿ ವಾಮದೇವಪ್ಪ ಹೊಸ ಡೀಸೆಲ್ ಲಾರಿ ತಂದರು. ಅದಕ್ಕೆ ಹುಬ್ಬಳ್ಳಿಯಿಂದ ಬೇರೆ ಡ್ರೈವರು ಬಂದ. ಹಳೆಯದನ್ನು ಹರಿಹರದ ಇಟ್ಟಿಗೆ ಭಟ್ಟಿಯ ಕುಬೇರಪ್ಪನಿಗೆ ಕೊಡುವ ಮಾತಾಯಿತು.

"ನನ್ನ ಗತಿ ಏನ್ರಿ ಸಾವ್ಕಾರ್ರೆ?" ಎಂದು ಮಾಳಿಂಗಪ್ಪ ಕೇಳಿದ.

"ಗಾಡಿ ಎಲ್ಲೋ ನೀನೂ ಅಲ್ಲೇ. ಕುಬೇರಪ್ಪಗ ನಾ ಹೇಳ್ತೀನಿ. ನೀ ಏರು ಒಂದು ಚಂದಾಗಿ ಹತ್ತಿಸಿ ತೋರ್ಸು, ಸಾಕು."

ಆ ಒಂದು ಮಾತನ್ನು ನಂಬಿ ಅವನು ಎರಡು ದಿನ ಲಾರಿ ತೊಳೆದ. ಚಾಪೆ, ತಟ್ಟೆ, ಕಂಬಳಿಯನ್ನು ಗಂಟು ಕಟ್ಟಿ ಸೀಟಿನ ಹಿಂದೆ ಇಟ್ಟ. ಶೆಡ್ಡಿನಲ್ಲಿ ಅವನದೆನ್ನುವುದು ಏನೂ ಉಳಿಯಲಿಲ್ಲ.

ಹರಿಹರದಲ್ಲಿ ಹಳೇ ಲಾರಿಯ ಪರೀಕ್ಷೆ ಹೊಳೆಯ ಏರಿನಲ್ಲೇ ಆಗಬೇಕು. ಹೊಳೆಯ ಪಾತ್ರದಲ್ಲಿ ಮರಳು ತುಂಬಿಸಿ, ದಡಕ್ಕೆ ಹತ್ತುವ ಉದ್ದನೆಯ ಇಳಿಜಾರಿನ ನಟ್ಟನಡುವೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಮತ್ತೆ ಹೊತ್ತಿಸಿ ಹತ್ತಿಸಬೇಕು. ಇಡೀ ಏರನ್ನು ಮೊದಲನೇ ಗೇರಿನಲ್ಲೇ ಎಳೆದರೆ ರೇಡಿಯೇಟರು ಕುದಿಯುತ್ತದೆ. ಅರ್ಧದ ಮೇಲೆ ಎರಡನೆಯದಕ್ಕೆ ಹಾಕಲೇಬೇಕು. ಹಿಂದಕ್ಕೆ ಜಾರದೆ ಹತ್ತಿದರೆ ಗಾಡಿ ಗೆದ್ದಿತು.

ಬೆಳಗಿನ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಕುಬೇರಪ್ಪ ದಡದ ಮೇಲೆ ಕೊಡೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ವಾಮದೇವಪ್ಪ.

"ಎಷ್ಟು ಕೈ ಅಂದ್ರಿ?"

"ಒಂದೇ ಕೈ. ಹರಿಹರೇಶ್ವರನ ಮುಂದೆ ಬೇಕಾದ್ರೂ ಹೇಳ್ತೀನಿ."

"ಹೊಳೀ ಹತ್ರ ನಿಂತು ಅಷ್ಟು ದೊಡ್ಡ ಆಣಿ ಬ್ಯಾಡ್ರಿ, ಗಾಡಿ ಇನ್ನೂ ಕೆಳಗೈತೆ, ಮೊದ್ಲು ಹತ್ಲಿ," ಎಂದು ಕುಬೇರಪ್ಪ ನಕ್ಕ.

ಇಳಿಜಾರಿನ ಅಂಚಿನಲ್ಲಿ ಹೆಂಗಸರು ಬುಟ್ಟಿಯಲ್ಲಿ ಮರಳು ಹೊತ್ತು ಸಾಲಾಗಿ ಹತ್ತುತ್ತಿದ್ದರು. ಲಾರಿ ಇಲ್ಲದ ದಿನಗಳಲ್ಲಿ ಕುಬೇರಪ್ಪನ ಭಟ್ಟಿಗೆ ಮರಳು ಹೋಗುತ್ತಿದ್ದದ್ದು ಅವರ ತಲೆಯ ಮೇಲೆಯೇ.

ಮಾಳಿಂಗಪ್ಪ ಏರಿನ ನಡುವೆ ನಿಲ್ಲಿಸಿದ. ಆರಿಸಿದ. ಹೊತ್ತಿಸಿದ. ಹಿಮ್ಮಡಿ ಬ್ರೇಕಿನ ಮೇಲೆ, ಬೆರಳು ಆಕ್ಸಿಲರೇಟರಿನ ಮೇಲೆ. ಗಾಡಿ ಗೇಣಿನಷ್ಟೂ ಹಿಂದೆ ಸರಿಯಲಿಲ್ಲ. ಎರಡನೇ ಗೇರು. ಮೊಣಕಾಲು ಒತ್ತಿತು. ದಂಡ ಒಳಗಿನಿಂದ ಗುದ್ದಿತು, ಇವನೂ ಬಿಡಲಿಲ್ಲ. ಕಣ್ಣಿಗೆ ಕತ್ತಲೆ ಬಂತು. ದಡದ ಮೇಲೆ ನಿಲ್ಲಿಸಿ ಇಳಿದಾಗ ಬೆವರನ್ನು ಬಿಸಿಲಿನದೆಂದೇ ಎಲ್ಲರೂ ತಿಳಿದರು.

ಕುಬೇರಪ್ಪ ಲಾರಿಯ ಮೂತಿ ತಟ್ಟಿದ. "ಗಾಡಿ ಅಂದ್ರ ಇದು ನೋಡ್ರಿ!"

"ಅಮೇರಿಕದ ಕಬ್ಬಿಣ," ಎಂದರು ವಾಮದೇವಪ್ಪ. "ಹದಿನೈದು ವರ್ಷದಾಗ ಒಂದು ದಿನ ದಾರ್ಯಾಗ ನಿಂತಿಲ್ಲ. ಅಂದಂಗ ಇವ ಮಾಳಿಂಗಪ್ಪ ಅಂತ. ಗಾಡಿ ಜೊತಿಗೆ ಇವನ್ನೂ ಇಟ್ಕಳ್ರಿ."

ಕುಬೇರಪ್ಪ ಅವನ ನರೆತ ತಲೆ ನೋಡಿದ, ಎಳೆಯುವ ಕಾಲು ನೋಡಿದ. "ಇಷ್ಟು ಗಟ್ಟಿ ಗಾಡಿಗೆ ಮುದುಕ ಯಾಕ್ರೀ? ಕಣ್ಣು ಮುಚ್ಚಿ ಕೂತ್ರೂ ತಾನೇ ಹತ್ತತೈತೆ. ನಮ್ಮ ರೌಫ್ ಅದಾನ, ಸಾಕು."

"ಅದೂ ಖರೇನೇ," ಎಂದರು ವಾಮದೇವಪ್ಪ.

ಅಷ್ಟೇ. ಎಷ್ಟು ಚೆನ್ನಾಗಿ ಓಡಿಸಿದನೋ ಅಷ್ಟೇ ಚೆನ್ನಾಗಿ ಅವನು ತಾನು ಬೇಡ ಎಂದು ಸಾಬೀತು ಮಾಡಿಕೊಂಡಿದ್ದ.

"ರೌಫ್, ಕೆಳಗ ಒಯ್ದು ನೀನೂ ಒಂದು ಸಲ ಹತ್ತಿಸೋ," ಎಂದ ಕುಬೇರಪ್ಪ.

ರೌಫನಿಗೆ ಮೂವತ್ತರ ಹತ್ತಿರ. ಭಟ್ಟಿಯಲ್ಲಿ ಇಟ್ಟಿಗೆ ಹೊರುತ್ತಲೇ ಲೈಸೆನ್ಸು ಮಾಡಿಸಿಕೊಂಡು ಎಂಟು ತಿಂಗಳಿಂದ ಒಂದು ಗಾಡಿಗಾಗಿ ಕಾದಿದ್ದವನು. ಅವನು ಸೀಟಿಗೆ ಹತ್ತಿದಾಗ ಬುಟ್ಟಿಯ ಸಾಲಿನಿಂದ ಒಬ್ಬಳು "ನಿಧಾನ ರೀ!" ಎಂದು ಕೂಗಿದಳು. ಉಳಿದವರು ನಕ್ಕರು. "ಏ ಮಾಬೂಬೀ, ನಾಳಿಂದ ನೀನೂ ಸೀಟಿನ ಮ್ಯಾಲೇ ಕುಂತ್ಕಂಡು ಬರ್ತೀ ಬಿಡು!" ಎಂದಳು ಒಬ್ಬಾಕೆ. ಕೂಗಿದ್ದ ಮಾಬೂಬೀ ರೌಫನ ಹೆಂಡತಿ.

ಮಾಳಿಂಗಪ್ಪ ಬಾಯಿ ಮುಚ್ಚಿಕೊಂಡು ನಿಂತ. ಹತ್ತಿಸಲಿ. ಗೇರು ಜಾರಲಿ. ಏಳು ವರ್ಷ ಹತ್ತಿಸಿದ್ದು ಯಾವ ಕಬ್ಬಿಣ ಎಂದು ಇಬ್ಬರು ಸಾಹುಕಾರರೂ ಕಣ್ಣಾರೆ ನೋಡಲಿ. ಅವನ ಬೆಲೆ ಗೊತ್ತಾಗಲು ಇನ್ನು ಉಳಿದಿದ್ದ ದಾರಿ ಅದೊಂದೇ. ಆದರೆ ಗೇರು ಜಾರಿದರೆ ಲಾರಿ ಹಿಂದಕ್ಕೆ ಬರುತ್ತದೆ. ಬ್ರೇಕನ್ನು ಮೂರು ಸಲ ತುಳಿಯುವಷ್ಟರಲ್ಲಿ ಬುಟ್ಟಿಯ ಸಾಲು ಅದರ ಅಡಿಗೆ ಬಂದಿರುತ್ತದೆ. ಬೆಲೆ ಕೊಡುವವರು ಕೊಡೆಯ ಕೆಳಗೆ ನಿಂತವರಲ್ಲ.

ರೌಫ್ ಕೀಲಿ ತಿರುವಿದ.

"ಇಳಿಯೋ!" ಎಂದು ಮಾಳಿಂಗಪ್ಪ ಕೂಗಿದ. ಅಷ್ಟು ಜೋರಾಗಿ ಅವನು ಕೂಗಿದ್ದನ್ನು ವಾಮದೇವಪ್ಪ ಎಂದೂ ಕೇಳಿರಲಿಲ್ಲ. "ಎರಡನೇ ಗೇರು ನಿಲ್ಲಂಗಿಲ್ಲ. ಹ್ಯಾಂಡ್‌ಬ್ರೇಕು ಇಲ್ಲ. ಕಾಲಬ್ರೇಕು ಮೂರನೇ ಸಲಕ್ಕ ಹಿಡಿತೈತೆ. ಇದು ಊನದ ಗಾಡಿ!"

ಹೆಂಗಸರು ನಿಂತುಬಿಟ್ಟರು.

"ಹುಚ್ಚು ಹಿಡೀತೇನೋ ನಿನಗ?" ಎಂದರು ವಾಮದೇವಪ್ಪ. "ಈಗ ಹತ್ತಿದ್ದು ಯಾವ ಗಾಡಿ?"

"ಹತ್ತಿದ್ದು ಇದ್ರಿ." ಮಾಳಿಂಗಪ್ಪ ಧೋತರ ಎತ್ತಿ ಮೊಣಕಾಲು ತೋರಿಸಿದ. ದಡ್ಡುಗಟ್ಟಿದ ಚರ್ಮದ ನಡುವೆ ಹೊಸ ಏಟಿಗೆ ನೆತ್ತರು ಒಸರುತ್ತಿತ್ತು. "ಏಳು ವರ್ಷದಿಂದ ಇದು ಹತ್ತಿಸ್ತೈತೆ."

ಕುಬೇರಪ್ಪ ಹುಬ್ಬು ಗಂಟಿಕ್ಕಿದ. "ಅಂದ್ರ ಏಳು ವರ್ಷ ನಿನ್ನ ಧಣಿಗೆ ಸುಳ್ಳು ಹೇಳ್ದಿ. ಇಂಥವನ್ನ ನಾ ಇಟ್ಕಬೇಕಿತ್ತೇನು? ವಾಮದೇವಪ್ಪಾರೆ, ಗಾಡಿನೂ ಬ್ಯಾಡ, ನಿಮ್ಮ ಮನುಷ್ಯನೂ ಬ್ಯಾಡ. ನಡೀರಿ."

ಆಗ ರೌಫ್ ಸೀಟಿನಿಂದ ಜಿಗಿದ. "ಸಾವ್ಕಾರ್ರೆ, ಸಾವ್ಕಾರ್ರೆ, ಒಂದು ಸಲ! ಒಂದೇ ಸಲ ನಾ ಹತ್ತಿಸಿ ನೋಡ್ತೀನ್ರಿ. ಹತ್ಲಿಲ್ಲ ಅಂದ್ರ ಬ್ಯಾಡ ಅನ್ರಿ."

ಕುಬೇರಪ್ಪ ವಾಚು ನೋಡಿಕೊಂಡ. "ಒಂದೇ ಸಲ ನೋಡು."

ರೌಫ್ ಮಾಳಿಂಗಪ್ಪನ ರಟ್ಟೆ ಹಿಡಿದು ಲಾರಿಯ ಮರೆಗೆ ಎಳೆದೊಯ್ದ. "ಯಾಕ ಹೇಳಿದ್ರಿ ಕಾಕಾ? ಎಂಟು ದಿನದಾಗ ನಾನೇ ಕಲಿತಿದ್ದೆ."

"ಎಂಟು ದಿನ ಯಾರು ಬದುಕಿರ್ತಿದ್ರೋ? ನಿನ್ನ ಹೆಂಡ್ತಿ ಎಲ್ಲಿ ನಡಿತಾಳ ನೋಡಿಯೇನು?"

"ಆಕಿ ತಲಿ ಮ್ಯಾಲಿನ ಬುಟ್ಟಿ ಇಳಿಸಾಕೇ ನಾ ಹತ್ತಿದ್ದು." ರೌಫ್ ಹಿಡಿದ ರಟ್ಟೆ ಬಿಡಲಿಲ್ಲ. "ಹೇಳ್ರಿ. ಯಾವ ಕಾಲು? ಎಲ್ಲಿ ಒತ್ಬೇಕು?"

ಹೇಳದೆ ಇರಬಹುದಿತ್ತು. ಹೇಳದಿದ್ದರೂ ಇವನು ಹತ್ತಿಸಿಯೇ ತೀರುತ್ತಾನೆ ಎಂದು ಮಾಳಿಂಗಪ್ಪನಿಗೆ ಆ ಕಣ್ಣಿನಲ್ಲಿ ಕಂಡಿತು. "ಎಡಗಾಲು," ಎಂದ. "ಚಿಪ್ಪಿನಿಂದ ಅಲ್ಲ, ಅದರ ಒಳಗಿನ ಮಗ್ಗುಲಿಂದ ಒತ್ತು. ಕ್ಲಚ್ಚು ಬಿಟ್ಟ ಕೂಡ್ಲೇ ಒತ್ತು. ಅದು ಒದಿತೈತೆ, ಒದ್ರೂ ಬಿಡಬ್ಯಾಡ. ಹಿಂದಿನ ಗಾಲಿಗೆ ನಾ ಕಲ್ಲು ಕೊಡ್ತೀನಿ."

ಮಾಳಿಂಗಪ್ಪ ಹೆಂಗಸರನ್ನು ಬದಿಗೆ ಸರಿಸಿದ. ರೌಫ್ ಮೆಲ್ಲಗೆ ಹಿಂದಕ್ಕಿಳಿಸಿ ಏರಿನ ನಡುವೆ ನಿಲ್ಲಿಸಿದಾಗ ಇವನು ಎರಡೂ ಕೈಯಲ್ಲಿ ಕರಿಗಲ್ಲು ಎತ್ತಿ ತಂದು ಗಾಲಿಗೆ ಒಡ್ಡಿದ. ಎಂಜಿನ್ ಆರಿತು, ಹೊತ್ತಿತು. ಲಾರಿ ಕಲ್ಲನ್ನು ಬಿಟ್ಟು ಮುಂದೆ ಸರಿಯಿತು. ಮಾಳಿಂಗಪ್ಪ ಅಲ್ಲೇ ಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟ. ಮೊದಲನೇ ಗೇರಿನ ಗೊಗ್ಗರು ದನಿ. ಒಂದು ಕ್ಷಣ ಬರಿದು. ಎರಡನೆಯದು ಕೂತಿತು. ಒಳಗೆ ಹಲ್ಲುಗಳು ಕಟಕ್ಕೆಂದವು. ಈಗ ಒದೆಯುತ್ತದೆ, ಈಗ. ಒದೆಯಿತು. ಲಾರಿ ನಿಂತಂತಾಯಿತು. ನಿಲ್ಲಲಿಲ್ಲ, ಹತ್ತಿತು. ದಡದ ಮೇಲೆ ಹೋಗಿ ಹೊಗೆಯಲ್ಲಿ ಮುಳುಗಿತು.

ಮೇಲಿಂದ ಕುಬೇರಪ್ಪನ ಧ್ವನಿ ಸ್ಪಷ್ಟವಾಗಿ ಕೇಳಿಸಿತು. "ಏನಾರ ತೊಂದ್ರಿ ಐತೇನೋ ಗಾಡ್ಯಾಗ?"

ಲಾರಿಯ ಬಾಗಿಲು ಕಿರುಗುಟ್ಟಿತು.

"ಏನೂ ಇಲ್ರಿ ಸಾವ್ಕಾರ್ರೆ," ಎಂದ ರೌಫ್. "ಫಸ್ಟ್ ಕ್ಲಾಸ್ ಗಾಡಿ."

"ನಾ ಹೇಳ್ಲಿಲ್ಲೇನು," ಎಂದರು ವಾಮದೇವಪ್ಪ, "ಮುದುಕಗ ಹೊಟ್ಟಿಕಿಚ್ಚು. ಗಾಡಿ ತಪ್ಪತೈತೆ ಅಂತ."

ಮಾಳಿಂಗಪ್ಪ ಎದ್ದು ನಿಂತು ಬಾಯಿ ತೆರೆದ. ಇವನು ಸುಳ್ಳು ಹೇಳುತ್ತಿದ್ದಾನೆ, ಇವನ ಮೊಣಕಾಲು ನೋಡ್ರಿ ಎನ್ನಬೇಕು. ಹಾಗೆ ಅಂದರೆ ರೌಫನ ಕೆಲಸ ಹೋಗುತ್ತದೆ. ಕುಬೇರಪ್ಪ ಇನ್ನೊಂದು ಗಾಡಿ ತರುತ್ತಾನೆ, ಅದಕ್ಕೆ ಇನ್ನೊಂದು ಕಾಲು ಹುಡುಕುತ್ತಾನೆ. ಧಣಿಗಳಿಗೆ ಕಬ್ಬಿಣದ ಕೊರತೆ ಬಿದ್ದರೂ ಕಾಲುಗಳ ಕೊರತೆ ಬೀಳದು. ಒಂದು ಸವೆಯುವ ಹೊತ್ತಿಗೆ ಇನ್ನೊಂದು ತಾನಾಗಿ ಬಂದು, ನನಗೆ ಕೊಡ್ರಿ ಎಂದು ಕೈಮುಗಿದು ನಿಂತಿರುತ್ತದೆ. ಅವನು ಬಾಯಿ ಮುಚ್ಚಿದ.

ಮೇಲೆ ಕಾರಿನ ಬಾಗಿಲುಗಳು ಬಡಿದವು. ಇಬ್ಬರೂ ಸಾಹುಕಾರರು ತಿಂಡಿಗೆ ಹೊರಟರು. ರೌಫ್ ಮಾಳಿಂಗಪ್ಪನ ಗಂಟನ್ನು ಸೀಟಿನ ಹಿಂದಿನಿಂದ ತೆಗೆದು ದಡದ ಮೇಲೆ, ಬೇವಿನ ಮರದ ಬುಡದಲ್ಲಿ, ಧೂಳಾಗದ ಹಾಗೆ ಎಲೆ ಹಾಸಿ ಇಟ್ಟ. ಕೆಳಗೆ ನೋಡಲಿಲ್ಲ. ಕುಂಟುತ್ತಾ ಹೋಗಿ ಸೀಟಿಗೆ ಹತ್ತಿ, ಭಟ್ಟಿಯ ಕಡೆಗೆ ಲಾರಿ ತಿರುಗಿಸಿಕೊಂಡು ಹೋದ.

ಹೆಂಗಸರ ಸಾಲು ಮತ್ತೆ ಚಲಿಸಿತು. ಇವತ್ತಿನ ಕೂಲಿ ಇವತ್ತೇ ಮುಗಿಸಬೇಕು. ಲಾರಿ ಬಂದ ಮೇಲೆ ನಾಳೆ ಇವರಲ್ಲಿ ಎಷ್ಟು ಜನರಿಗೆ ಕೆಲಸವಿರುತ್ತದೋ ಯಾರೂ ಹೇಳಿರಲಿಲ್ಲ. ಮಾಬೂಬೀ ಅವನ ಮುಂದೆ ಬಂದು ನಿಂತಳು. ಬುಟ್ಟಿಯ ಹಸಿ ಮರಳಿನಿಂದ ನೀರು ಅವಳ ಕೆನ್ನೆಗಿಳಿಯುತ್ತಿತ್ತು.

"ನಮ್ಮವ್ರ ಅನ್ನಕ್ಕ ಕಲ್ಲು ಹಾಕಾಕ ನೋಡಿದ್ರಲ್ಲ ಅಜ್ಜಾ," ಎಂದಳು. "ನಿಮಗೂ ಮಕ್ಕಳು ಮರಿ ಇದ್ದಿದ್ರ ಹಂಗ ಕೂಗ್ತಿದ್ದಿಲ್ಲ."

ಗಾಲಿಗೆ ಒಡ್ಡಿದ್ದ ಕಲ್ಲು ದಾರಿಯ ನಡುವೆಯೇ ಇತ್ತು. ತಲೆಯ ಮೇಲೆ ಭಾರ ಹೊತ್ತವರಿಗೆ ಕಾಲ ಕೆಳಗಿನದು ಕಾಣುವುದಿಲ್ಲ. ಮಾಳಿಂಗಪ್ಪ ಬಗ್ಗಿ ಅದನ್ನು ಎತ್ತಿದ. ಅವಳು ದಾಟಿ ಹೋಗುವ ತನಕ ಹಾಗೇ ಎತ್ತಿ ಹಿಡಿದುಕೊಂಡು ನಿಂತಿದ್ದ.